ನಮ್ಮ ಸಾಹೇಬರೂ ಹ್ಯಾನೋವರ್‌ನ ಇನ್ಸ್‌ಪೆಕ್ಷನ್ನೂ

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಲ್ಲಿ ದುಡಿದಷ್ಟೂ ವರ್ಷ ನನಗೆ ನಗುವಿಗೆ ಬರ ಬಂದದ್ದಿಲ್ಲ. ಏನೂ ನಡೆಯದ ದಿನ ಅಂದರೆ ನಮ್ಮ ಸಾಹೇಬರು ರಜೆ ಹಾಕಿದ ದಿನ.

೧. ಎರಡು ಕೋಣೆಯ ಸಾಮ್ರಾಜ್ಯ

ಸೇಂಟ್ ಲಿಯೋನ್-ರೋಟ್ ಅನ್ನೋ ಊರಲ್ಲಿ ನಮ್ಮ ಬೆಂಗಳೂರು ಕಂಪನಿಯ ಶಾಖೆ ಅಂದರೆ ಎರಡು ಕೋಣೆ, ಮ್ಯಾನೇಜರ್ ಸಾಹೇಬರು ಮತ್ತು ನಾನು. ಧಾರವಾಡದ ಸಾಹೇಬರು ಮಾತ್ರ ಬ್ರಿಟಿಷ್ ಕಲೆಕ್ಟರ್ ಥರ ಕೂರೋರು. ಯಾರೇ ಬರಲಿ, ಷೂ ಬಿಚ್ಚಿಯೇ ಒಳಗೆ. ರಜೆ ಬೇಕಾದರೆ ಎದುರಿಗೇ ಕೂತಿದ್ದರೂ ಇ-ಮೇಲ್ ಕಳಿಸಬೇಕು. ಕಳಿಸಿದೆ. ಓದಿ, ತಲೆ ಎತ್ತಿ ನನ್ನನ್ನೇ ಕೇಳಿದರು: "ಯಾರಪಾ ಇಂವಾ?"

೨. ಚಾ ಮಾತ್ರ ಇರ್ಲಿ

ಹ್ಯಾನೋವರ್‌ನಲ್ಲಿದ್ದ ಕಂಪನಿಯ ಜರ್ಮನಿ ಮುಖ್ಯ ಕಚೇರಿಯಿಂದ ಫೋನು. ನಾಳೆ ಆಫೀಸ್ ತಪಾಸಣೆಗೆ ಹೊರಗಿನ ಒಬ್ಬ ಜರ್ಮನ್ ಆಡಿಟರ್ ಬರ್ತಾನೆ, ವರದಿ ಕೆಟ್ಟರೆ ಶಾಖೆಗೆ ಬೀಗ, ಇಬ್ಬರೂ ಹ್ಯಾನೋವರ್‌ಗೆ. ಸಾಹೇಬರು ಕುರ್ಚಿ ಬಿಟ್ಟು ಎದ್ದೇ ನಿಂತರು. ಆ ಕುರ್ಚಿ ಅಂದರೆ ಅವರಿಗೆ ಪ್ರಾಣ.

"ನನ್ನ ಆಫೀಸ್ ನೋಡಾಕ ಅಂವಾ ಯಾಂವ? ಒಳಗ ಬಿಡೂದಿಲ್ಲಂದ್ರ ಬಿಡೂದಿಲ್ಲ! ನೀ ಚಾ ಮಾಡಿಡು."

"ಅವನಿಗೂನಾ ಸರ್?"

"ಮತ್ತ? ಮನೀಗೆ ಬಂದಾಂವಗ ಚಾ ಇಲ್ಲಂತ ಹೇಳಾಕ ಆಗ್ತೈತೇನು?"

೩. ಬಾಗಿಲು

ಆಡಿಟರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಅಧಿಕಾರಪತ್ರ ಚಾಚಿದ. ಸಾಹೇಬರು ಹೊರಗಿನ ಕಾರಿಡಾರಿಗೆ ಬಂದು ಅಡ್ಡ ನಿಂತರು, ನಾನೂ ಹಿಂದೆಯೇ ಬಂದೆ. "ಈ ಕಾಗದ ಇಲ್ಲಿ ನಡೆಯಲ್ಲ" ಅಂತ ಇಂಗ್ಲಿಷಿನಲ್ಲಿ ಗುಡುಗಿ, ಬಾಗಿಲನ್ನು ಧಡಾರ್ ಅಂತ ಎಳೆದುಕೊಂಡರು. ಜರ್ಮನಿಯ ಬಾಗಿಲು, ಎಳೆದರೆ ತಾನೇ ಬೀಗ. ಕೀಲಿ, ನಮ್ಮ ಫೋನು ಎಲ್ಲ ಒಳಗೆ, ನಾವು ಮೂವರೂ ಹೊರಗೆ.

ಆಡಿಟರ್ ಫೋನಿಂದಲೇ ಬೀಗ ತೆಗೆಯುವವನನ್ನು ಕರೆಸಿದೆವು. ಬಂದವನು, "ಇದು ನಿಮ್ಮ ಆಫೀಸು ಅನ್ನೋದಕ್ಕೆ ಗುರುತೇನು?" ಅಂದ. ಸಾಹೇಬರ ಗುರುತಿನ ಚೀಟಿಯೆಲ್ಲ ಕೋಟಿನ ಜೇಬಲ್ಲಿ, ನನ್ನದು ಬ್ಯಾಗಲ್ಲಿ, ಎರಡೂ ಒಳಗೆ. ನಮ್ಮ ವಿಳಾಸ ಬರೆದಿದ್ದ ಕಾಗದ ಒಂದೇ, ಅದು ಆಡಿಟರ್ ಕೈಯಲ್ಲಿ. ಸಾಹೇಬರು ಛಾವಣಿ ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಹಲ್ಲು ಕಚ್ಚಿ, "ಆ ಕಾಗದ ಸ್ವಲ್ಪ ತೋರಿಸಿ" ಅಂದರು. ಅಯ್ಯೋ, ಆ ಮುಖ ನೀವು ನೋಡಬೇಕಿತ್ತು!

ಬಾಗಿಲು ತೆರೀತು. ಆಡಿಟರ್ ಕಾಲಿಡುತ್ತಿದ್ದ ಹಾಗೇ ಸಾಹೇಬರು, "ಷೂ!" ಅಂದರು. ಪಾಪ, ಬಿಚ್ಚಿದ. ಚಾ ಕುಡಿದ, ಎಲ್ಲ ನೋಡಿ ಹೋದ.

ವಾರ ಕಳೆದು ವರದಿ ಬಂತು. ಶಾಖೆ ಉಳೀತು. ಅದರಲ್ಲೊಂದು ಸಾಲು: "ಭದ್ರತೆ ಅತ್ಯುತ್ತಮ. ಮ್ಯಾನೇಜರ್ ಕೂಡ ಸುಲಭವಾಗಿ ಒಳಗೆ ಹೋಗಲಾರರು."

ಸಾಹೇಬರು ಮೀಸೆ ತಿರುವಿದರು. "ನೋಡಿದೇನಪಾ? ಅದಕ್ಕ ನಾ ಬಾಗಲಾ ಹಾಕಿದ್ದು!"