ಐವತ್ತು ಕಿಲೋ ಎದುರು ನೂರಹತ್ತು ಕಿಲೋ

ಆರು ದಿನದಿಂದ ಈ ಡೈರಿಯಲ್ಲಿ ಒಂದೇ ಸಾಲು ಬರೆಯುತ್ತಿದ್ದೇನೆ: "ನಾಳೆ ಏನಾದರಾಗಲಿ, ತಲೆಗೆ ಸ್ನಾನ." ನನ್ನ ಜಡೆ ಈಗ ಬಿಚ್ಚಿದರೂ ಹೆಣೆದ ಹಾಗೇ ನಿಲ್ಲುತ್ತದೆ.

ಇವತ್ತು ಮಧ್ಯಾಹ್ನ ಆ ಶುಭಗಳಿಗೆ ಬಂದೇಬಿಟ್ಟಿತ್ತು. ಮುಕ್ಕಾಲು ಗಂಟೆ ತೂಗಿದ ಮೇಲೆ ಆರು ತಿಂಗಳ ಮಗಳು ನಿದ್ದೆಹೋದಳು. ಸ್ನಾನದಮನೆಯಲ್ಲಿ ಬಕೆಟ್ ತುಂಬ ಬಿಸಿನೀರು. ಟವೆಲ್ ಹೆಗಲಿಗೇರಿಸಿ ತುದಿಗಾಲಲ್ಲಿ ಹೊರಟೆ. ಮನೆಯಿಡೀ ನಿಶ್ಶಬ್ದ. ಕಾರಣ, ಫ್ರಿಜ್ಜಿನ ಬಾಗಿಲಿಗೆ ನಾನೇ ಅಂಟಿಸಿದ ರಾಜಶಾಸನ: "ಮಗುವನ್ನು ಎಬ್ಬಿಸಿದವರೇ ಮಲಗಿಸತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ." (ಎರಡನೇ ವಾಕ್ಯ, ಯಜಮಾನರು ಸೀನಿದ ದಿನ ಕೆಂಪು ಶಾಯಿಯಲ್ಲಿ ಸೇರಿಸಿದ್ದು. "ಸೀನು ಬಂದ್ರೆ ನಾನೇನ್ ಮಾಡ್ಲಿ?" ಎಂದು ಗೋಗರೆದರೂ ನಾನು ಕರಗಲಿಲ್ಲ.)

ನಡುಮನೆಯಲ್ಲಿ ಯಜಮಾನರೂ ಮೈದುನನೂ ಜಗಳವಾಡುತ್ತಿದ್ದರು, ಶಾಸನಕ್ಕೆ ಹೆದರಿ ಪಿಸುಮಾತಿನಲ್ಲಿ. ಟಿವಿಯಲ್ಲಿ ದನಿಯಿಲ್ಲದ ಬಾಕ್ಸಿಂಗ್. ಐವತ್ತು ಕಿಲೋದ ಚಾಂಪಿಯನ್ನನ್ನೂ ನೂರಹತ್ತು ಕಿಲೋದ ಚಾಂಪಿಯನ್ನನ್ನೂ ಒಂದೇ ಅಖಾಡಕ್ಕೆ ಬಿಟ್ಟರೆ ಗೆಲ್ಲುವವರು ಯಾರು? ಎಂದೂ ನಡೆಯದ ಈ ಪಂದ್ಯಕ್ಕಾಗಿ ಇಬ್ಬರ ಕತ್ತಿನ ನರವೂ ಉಬ್ಬಿತ್ತು. ಅತ್ತೆ ಮೂಲೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದರು.

"ಚಿಕ್ಕೋನು ಓಡಾಡ್ಸಿ ಓಡಾಡ್ಸಿ ಸುಸ್ತು ಮಾಡ್ತಾನಣ್ಣಾ" ಎಂದ ಮೈದುನ.

"ಎಷ್ಟೊತ್ತು ಓಡ್ತಾನೆ? ಒಂದೇ ಏಟು! ಆಮೇಲೆ ಅವನನ್ನ ಗೋಡೆಯಿಂದ ಕೆರೆದು ತೆಗೀಬೇಕು." ಯಜಮಾನರು ತಮ್ಮ ತೊಂಬತ್ತು ಕಿಲೋವನ್ನು ಸೋಫಾದ ತುಂಬ ಹರಡಿಕೊಂಡರು. "ಕುಳ್ಳರಿಗೆ ಬಾಯಿ ಜಾಸ್ತಿ ಕಣೋ, ಕೈ ಎಟುಕಲ್ಲ."

ಸ್ನಾನದಮನೆಗೆ ಇನ್ನು ನಾಲ್ಕೇ ಹೆಜ್ಜೆ. ಇಟ್ಟುಬಿಟ್ಟಿದ್ದರೆ! ಆದರೆ ನಾನು ನಾಲ್ಕು ಅಡಿ ಹನ್ನೊಂದು ಅಂಗುಲದವಳು. ಮಾತು ನೆಟ್ಟಗೆ ಎದೆಗೇ ನಾಟಿತು. ಸಾಲದ್ದಕ್ಕೆ ಮೈದುನ "ಅದೂ ನಿಜಾನೇ ಅನ್ನು" ಎಂದು ಮೆತ್ತಗಾದ. ಸಮಸ್ತ ಕುಳ್ಳ ಕುಲದ ವಕಾಲತ್ತು ನನ್ನ ಹೆಗಲಿಗೆ ಬಿತ್ತು.

"ಏನ್ರೀ ಅಂದ್ರಿ? ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು, ಗೊತ್ತಿಲ್ವಾ?" ಎಂದು ಪಿಸುಗುಟ್ಟಿದೆ.

"ಕೀರ್ತಿ ಬೀಸಿ ಯಾರನ್ನೂ ಬೀಳ್ಸೋಕಾಗಲ್ಲ ಕಣೇ."

"ಏಳಿ ಮೇಲೆ. ತೋರಿಸ್ತೀನಿ."

"ಅತ್ತಿಗೆ, ನಿಮ್ಮ ಸ್ನಾನ..." ಎಂದ ಮೈದುನ.

"ಅದೇನು ಓಡಿಹೋಗಲ್ಲ, ಸುಮ್ನಿರು ನೀನು!"

ಟವೆಲನ್ನು ಮುಷ್ಟಿಗೆ ಸುತ್ತಿಕೊಂಡೆ. ಯಜಮಾನರು ನಗುತ್ತಾ ಎದ್ದು, ನನ್ನ ನೆತ್ತಿಗೆ ಅಂಗೈ ಊರಿ ತೋಳಿನಳತೆ ದೂರದಲ್ಲೇ ತಡೆದು ನಿಲ್ಲಿಸಿದರು. ನನ್ನ ಗುದ್ದುಗಳೆಲ್ಲ ಗಾಳಿಯ ಪಾಲು. ಅಷ್ಟರಲ್ಲಿ ಅವರು ಮುಖ ಕಿವುಚಿದರು. "ಥೂ, ಏನೇ ಇದು ಜಿಡ್ಡು!" ಎಂದು ಕೈ ತೆಗೆದು ನೋಡಿಕೊಂಡರು. (ಆರು ದಿನದ ತಪಸ್ಸಿನ ಫಲ!) ತೋಳಿನಡಿ ನುಗ್ಗಿ ಹೊಟ್ಟೆಗೊಂದು ಬಿಟ್ಟೆ. ತೊಂಬತ್ತು ಕಿಲೋ ಸೋಫಾದ ಮೇಲೆ ಕುಸಿಯಿತು.

"ಗೆದ್ದೇ!" ಎಂದೆ.

ಪಿಸುಮಾತಿನಲ್ಲಲ್ಲ. ಎದುರುಮನೆಯ ನಾಯಿ ಬೊಗಳಿತು. ಅದರ ಹಿಂದೆಯೇ, ಕೋಣೆಯೊಳಗಿಂದ ನನ್ನ ಮಗಳು.

ಮೂವರೂ ಫ್ರಿಜ್ಜಿನ ಕಡೆ ನೋಡಿದರು. ಅತ್ತೆ ಕನ್ನಡಕ ಏರಿಸಿಕೊಂಡು "ಯಾರಿಗೂ... ವಿನಾಯಿತಿ... ಇಲ್ಲ" ಎಂದು ಅಕ್ಷರ ಕೂಡಿಸಿ ಓದಿದರು. "ಬರವಣಿಗೆ ಮಾತ್ರ ಮುದ್ದಾಗಿದೆ ಕಣಮ್ಮ."

ಅದಾಗಿ ಒಂದೂವರೆ ಗಂಟೆ. ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಜಿಡ್ಡು ತೊಳೆಯಲು ಸ್ನಾನದಮನೆಗೆ ಹೋದ ಯಜಮಾನರು, ಬಿಸಿನೀರು ಸುಮ್ಮನೆ ಆರಿಹೋಗುತ್ತದಲ್ಲಾ ಎಂದು ಇಡೀ ಬಕೆಟ್ ಮುಗಿಸಿ, ಘಮಘಮಿಸುತ್ತಾ ಓಡಾಡುತ್ತಿದ್ದಾರೆ.

ಏಳು ಕಿಲೋದ ನನ್ನ ಮಗಳು ನಲವತ್ತೆಂಟು ಕಿಲೋದ ಅಮ್ಮನ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಬೊಚ್ಚುಬಾಯಿ ತೆರೆದು ನಗುತ್ತಿದ್ದಾಳೆ. ಅವಳಿಗೆ ಜಿಡ್ಡಿನ ಹೇಸಿಗೆಯೂ ಇಲ್ಲ, ನಿದ್ದೆಯ ಸುಳಿವೂ ಇಲ್ಲ. ಗೆಲ್ಲುವವರು ಚಿಕ್ಕವರೇ ಎಂಬ ನನ್ನ ವಾದ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ.

ನಾಳೆ ಏನಾದರಾಗಲಿ, ತಲೆಗೆ ಸ್ನಾನ.