ಹತ್ತು ಗಂಟೆಯ ಹಲ್ಲು

ಎಲ್ಲಕ್ಕೂ ಕಾರಣ ಕೆಳದವಡೆಯ ಬಲಮೂಲೆಯಲ್ಲಿದ್ದ ಒಂದು ಹಲ್ಲು. ಒಂಬತ್ತು ದಿನದಿಂದ ಅದು ಗಡಿಯಾರ ರಿಪೇರಿಯವನ ನಿದ್ದೆ, ಊಟ, ಮರ್ಯಾದೆ ಮೂರನ್ನೂ ತಿಂದುಹಾಕಿತ್ತು. ಕೆನ್ನೆ ಊದಿ, ಬಾಯಲ್ಲಿ ನಿಂಬೆಹಣ್ಣು ಬಚ್ಚಿಟ್ಟುಕೊಂಡವನ ಹಾಗೆ ಕಾಣುತ್ತಿದ್ದ. ದಿನವಿಡೀ ಚಿಮುಟ ಹಿಡಿದು ಕಂಡವರ ಗಡಿಯಾರದ ಹೊಟ್ಟೆ ಬಗೆಯುವ ಮನುಷ್ಯ, ತನ್ನ ಬಾಯೊಳಗೆ ಇನ್ನೊಬ್ಬರ ಇಕ್ಕಳ ಹೋಗುತ್ತದೆ ಎಂದರೆ ಮಾತ್ರ ಕೈಕಾಲು ತಣ್ಣಗಾಗಿ ಕೂತುಬಿಡುತ್ತಿದ್ದ. ಪಕ್ಕದ ಅಂಗಡಿಯ ಟೈಲರ್ ಲವಂಗ ಕೊಟ್ಟ. ಎದುರುಮನೆಯಾಕೆ ಉಪ್ಪುನೀರು ಮುಕ್ಕಳಿಸಲು ಹೇಳಿದಳು. ಮೇಲಿನ ಮನೆಯ ನಿವೃತ್ತ ಗುಮಾಸ್ತರು ಯಾರೋ ಹಲ್ಲು ಕೀಳಿಸಲು ಹೋಗಿ ಅರ್ಧ ದವಡೆ ಕಳೆದುಕೊಂಡ ಕತೆಯನ್ನು ಬಿಡುವು ಮಾಡಿಕೊಂಡು ಬಂದು ಎರಡು ಸಲ ಹೇಳಿ ಹೋದರು.

ಹತ್ತನೆಯ ದಿನ ಹೆಂಡತಿ ತಾನೇ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಬೆಳಿಗ್ಗೆ ಹತ್ತು ಗಂಟೆಗೆ ಗೊತ್ತುಮಾಡಿದಳು. ಗಂಡನನ್ನು ಒಬ್ಬನನ್ನೇ ಕಳಿಸಿದರೆ ಹಲ್ಲು ಹಾಗೇ ವಾಪಸು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕಾವಲಿಗೆಂದು ತನ್ನ ಅಕ್ಕನ ಗಂಡನನ್ನು ಕರೆಸಿದಳು. ಮೂವತ್ತು ವರ್ಷ ಶಾಲೆಯಲ್ಲಿ ಕಸರತ್ತು ಮಾಡಿಸಿದ ಈ ಮನುಷ್ಯನನ್ನು ಮನೆಮಂದಿಯೆಲ್ಲ ಬೆನ್ನ ಹಿಂದೆ ‘ಡ್ರಿಲ್ ಭಾವ’ ಎನ್ನುತ್ತಿದ್ದರು. ಡ್ರಿಲ್ ಭಾವ ಷಡ್ಡಕನ ತೋಳು ಹಿಡಿದು, ಸಂತೆಗೆ ಆಡು ಎಳೆದೊಯ್ಯುವವನ ಹಾಗೆ ಹೊರಟ.

ಡಾಕ್ಟರ ಶಾಪು ಕನ್ನಡಕದ ಅಂಗಡಿಯ ಮೇಲಿತ್ತು. ಮೆಟ್ಟಿಲ ಬುಡದಲ್ಲಿ ನಿಂತಾಗಲೇ ಮೇಲಿನಿಂದ ಝುಂಯ್ ಎಂಬ ಸದ್ದೂ ಅದರ ಹಿಂದೆಯೇ ಯಾರದೋ ಮುಲುಕೂ ಕೇಳಿಸಿತು. ಅಷ್ಟರಲ್ಲಿ ರಿಪೇರಿಯವನ ಅದೃಷ್ಟಕ್ಕೆ ಭಾವನ ಹಳೆಯ ಶಿಷ್ಯನೊಬ್ಬ ಎದುರಾದ. ಅವನ ಹೊಟ್ಟೆ ಬೆಳೆದದ್ದನ್ನು ಕಂಡು ಭಾವ ಸಂಕಟಪಟ್ಟು, ಷಡ್ಡಕನ ತೋಳು ಬಿಟ್ಟು, ಬೆನ್ನು ನೆಟ್ಟಗೆ ಮಾಡುವುದು ಹೇಗೆಂದು ತೋರಿಸತೊಡಗಿದ. ರಿಪೇರಿಯವ ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದಿಟ್ಟ, ಮೂರನೆಯದಕ್ಕೆ ರಸ್ತೆ ದಾಟಿ ಎದುರಿನ ದೊಡ್ಡ ಗೇಟಿನೊಳಗೆ ನುಗ್ಗಿದ.

ಅದು ಬಿಳಿಯರ ಕಾಲದ ಕಟ್ಟಡ. ಕೆಂಪಿಟ್ಟಿಗೆಯ ಗೋಡೆ, ಇಬ್ಬರು ತಬ್ಬಿದರೂ ಕೈಗೆ ಸಿಗದ ಕಂಬಗಳು, ಆನೆ ನಡೆದು ಹೋಗಬಹುದಾದ ಕಾರಿಡಾರುಗಳು. ಈಗ ಅದರೊಳಗೆ ನಾಲ್ಕೈದು ಸಂಗ್ರಹಾಲಯಗಳಿದ್ದವು. ಮೊದಲ ಕೋಣೆಯಲ್ಲಿ ಅಂಚೆಚೀಟಿ, ಎರಡನೆಯದರಲ್ಲಿ ಹಳೆಯ ನಕ್ಷೆಗಳು. ಒಳಗೆ ತಂಪಾಗಿ, ನಿಶ್ಶಬ್ದವಾಗಿತ್ತು. ಎಲ್ಲಿಯೂ ಯಾರೂ ಮುಲುಕುತ್ತಿರಲಿಲ್ಲ. ಸಂಜೆವರೆಗೆ ಇಲ್ಲೇ ಇದ್ದು, ಹಲ್ಲು ತಾನಾಗಿಯೇ ನೆಟ್ಟಗಾಯಿತೆಂದು ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡ.

ಕಿಟಕಿಯಿಂದ ಇಣುಕಿದರೆ ಗೇಟಿನಲ್ಲಿ ಡ್ರಿಲ್ ಭಾವ ನಿಂತು, ಕಾವಲುಗಾರನಿಗೆ ತನ್ನ ಕೆನ್ನೆ ಉಬ್ಬಿಸಿ ಗುರುತು ಹೇಳುತ್ತಿದ್ದ. ಕಾವಲುಗಾರ ಕಟ್ಟಡದ ಕಡೆಗೆ ಕೈ ತೋರಿಸಿದ.

ರಿಪೇರಿಯವ ಗಾಬರಿಬಿದ್ದು, ಕಾರಿಡಾರಿನಲ್ಲಿ ಹೋಗುತ್ತಿದ್ದ ಹತ್ತಾರು ಜನರ ಗುಂಪಿನ ನಡುವೆ ತೂರಿಕೊಂಡ. ಗುಂಪಿನ ಮುಂದೆ ಬಿಳಿ ಕೋಟು ತೊಟ್ಟ ತೆಳ್ಳನೆಯ ಮುದುಕರೊಬ್ಬರು ವಿವರಣೆ ಕೊಡುತ್ತ ನಡೆದಿದ್ದರು. ಈ ಕಟ್ಟಡ ಮೊದಲು ಸಿಪಾಯಿಗಳ ಆಸ್ಪತ್ರೆಯಾಗಿತ್ತು, ಅದರ ಒಂದು ಭಾಗವನ್ನು ಇದ್ದ ಹಾಗೇ ಉಳಿಸಿದ್ದೇವೆ ಎನ್ನುತ್ತ ಅವರು ಬಾಗಿಲು ತೆರೆದರು. ಒಳಗೆ ಹೋದ ಮೇಲೆಯೇ ರಿಪೇರಿಯವ ಗೋಡೆಯ ಮೇಲಿನ ಫಲಕ ಓದಿದ್ದು: ದಂತ ಚಿಕಿತ್ಸೆಯ ಹಳೆಯ ಉಪಕರಣಗಳು.

ಗಾಜಿನ ಪೆಟ್ಟಿಗೆಗಳ ತುಂಬ ಇಕ್ಕಳಗಳು. ಕೆಲವು ಗಿಣಿಯ ಕೊಕ್ಕಿನಂತೆ, ಕೆಲವು ಹದ್ದಿನ ಕೊಕ್ಕಿನಂತೆ. ಕಾಲಲ್ಲಿ ತುಳಿದು ತಿರುಗಿಸುವ ಬೈರಿಗೆ ಬೇರೆ. ನಡುವೆ ಚರ್ಮದ ಪಟ್ಟಿಗಳಿದ್ದ ಒಂದು ಕಬ್ಬಿಣದ ಕುರ್ಚಿ. ಹಿಂದೆ ಸರಿಯೋಣವೆಂದರೆ ಕಾರಿಡಾರಿನಲ್ಲಿ ಭಾವನ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಮುದುಕರು ಕುರ್ಚಿಯಲ್ಲಿ ಕೂತು ತೋರಿಸಲು ಯಾರಾದರೂ ಬನ್ನಿ ಎಂದರು. ಗುಂಪಿನವರೆಲ್ಲ ರಿಪೇರಿಯವನ ಕೆನ್ನೆ ನೋಡಿ, ಇವರಿಗಿಂತ ತಕ್ಕವರು ಇನ್ನಾರು ಎಂಬ ಹಾಗೆ ಮುಂದೆ ತಳ್ಳಿದರು. ಎರಡು ಪಟ್ಟಿ ಬಿಗಿದದ್ದೇ ತಡ, ಅವನ ಬಾಯಿಂದ ಹೊರಟ ದನಿಗೆ ಪಕ್ಕದ ಕೋಣೆಯ ಪಾರಿವಾಳಗಳು ಎದ್ದು ಹಾರಿದವು.

ಮುದುಕರು ಹೆದರಿ ಪಟ್ಟಿ ಬಿಚ್ಚಿ, ಅವನನ್ನು ಪಕ್ಕದ ತಮ್ಮ ಚಿಕ್ಕ ಕೋಣೆಗೆ ಕರೆದೊಯ್ದು ನೀರು ಕೊಟ್ಟರು. ತಾನು ಡಾಕ್ಟರಲ್ಲ, ಮೊದಲು ಇಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದವನು, ಈ ಬಿಳಿ ಕೋಟು ಬರೀ ವೇಷ ಎಂದು ಸಮಾಧಾನ ಹೇಳಿದರು. ಅಷ್ಟು ಮೃದುವಾದ ಮಾತು ಹತ್ತು ದಿನದಿಂದ ಕೇಳದಿದ್ದ ರಿಪೇರಿಯವ ಕರಗಿಹೋಗಿ ಎಲ್ಲವನ್ನೂ ಹೇಳಿಬಿಟ್ಟ.

“ಎದುರಿನ ಕನ್ನಡಕದ ಅಂಗಡಿ ಮೇಲಿನ ಡಾಕ್ಟರಾ?” ಮುದುಕರು ಕೇಳಿದರು.

“ಅವರೇ ಸಾರ್. ಡಾಕ್ಟರಲ್ಲ ಅಂತೆ, ಕಟುಕಿಯಂತೆ. ದವಡೆ ಸಮೇತ ಎಳೀತಾರಂತೆ.”

ಮುದುಕರು ಹೌದಾ ಎಂದರು. ನೀವು ಇಲ್ಲೇ ಇರಿ, ನಿಮ್ಮ ಭಾವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು.

ಅವನು ಉಸಿರು ಬಿಗಿಹಿಡಿದು ಕೂತ. ಭಾವನ ಬೂಟು ಬಾಗಿಲವರೆಗೆ ಬಂದು ನಿಂತಿತು. ಪಿಸುಮಾತು ಕೇಳಿಸಿತು. ಬೂಟು ದೂರ ಹೋಯಿತು. ಗೆದ್ದೆ ಎಂದುಕೊಂಡ. ಕಾಲು ಗಂಟೆಯಾದ ಮೇಲೆ ಚಿಲಕ ಸರಿಯಿತು. ಒಳಗೆ ಬಂದದ್ದು ಕೈಚೀಲ ಹಿಡಿದ ಹೆಂಗಸು. ಹಿಂದೆ ಮುದುಕರು, ಅವರ ಹಿಂದೆ ಬಾಗಿಲು ತುಂಬಿಕೊಂಡು ಡ್ರಿಲ್ ಭಾವ.

“ಇವಳು ನನ್ನ ಮಗಳು,” ಮುದುಕರು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು. “ಎದುರಿನ ಶಾಪು ಇವಳದ್ದೇ.”

“ಕಟುಕಿ ನಾನೇ,” ಎಂದು ಡಾಕ್ಟರು ಟಾರ್ಚ್ ತೆಗೆದರು. “ಬಾಯಿ ತೆಗೀರಿ.”

ಭಾವ ಹಿಂದಿನಿಂದ ಎರಡೂ ಭುಜ ಅದುಮಿದ. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ರಿಪೇರಿಯವ ಕಣ್ಣು ಮುಚ್ಚಿ, ಹೆಂಡತಿಯನ್ನು ನೆನೆದು, ಬಾಯಿ ತೆರೆದ. ಟಾರ್ಚಿನ ಬೆಳಕು ಅತ್ತಿತ್ತ ಓಡಾಡಿ ಆರಿತು.

“ಇಷ್ಟು ಊತ ಇರುವಾಗ ನಾನು ಹಲ್ಲು ಕೀಳಲ್ಲ. ಹತ್ತು ಗಂಟೆಗೇ ಬಂದಿದ್ರೂ ಇದನ್ನೇ ಹೇಳಿ, ಮಾತ್ರೆ ಬರೆದು ಕಳಿಸ್ತಿದ್ದೆ. ಎರಡು ನಿಮಿಷದ ಕೆಲಸ. ಐದು ದಿನ ಮಾತ್ರೆ ನುಂಗಿ, ಆಮೇಲೆ ಬನ್ನಿ.”

ರಿಪೇರಿಯವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐದು ದಿನ ಎಂದರೆ ಐದು ದಿನ. ಅಷ್ಟರಲ್ಲಿ ಏನಾದರೂ ಆಗಬಹುದು. ಅವನ ಮುಖ ಸ್ವಲ್ಪ ಅರಳಿತು. ಅಷ್ಟರಲ್ಲಿ ಬೆನ್ನ ಹಿಂದೆ ಭಾವ ಫೋನಿನಲ್ಲಿ ಅವನ ಹೆಂಡತಿಯ ಜೊತೆ ಮಾತಾಡುವುದು ಕೇಳಿಸಿತು.

“ನೀನೇನೂ ಯೋಚನೆ ಮಾಡ್ಬೇಡಮ್ಮ. ಐದು ದಿನಾನೂ ನಾನು ನಿಮ್ಮನೇಲೇ ಇರ್ತೀನಿ. ಅವನ ಮಂಚದ ಪಕ್ಕದಲ್ಲೇ ನಂಗೂ ಹಾಸಿಗೆ ಹಾಕು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಸರತ್ತು ಮಾಡಿಸ್ತೀನಿ. ಭಯ ಅನ್ನೋದು ಬೆವರಲ್ಲಿ ಹೋಗುತ್ತೆ.”

ಚೀಲ ಎತ್ತಿಕೊಂಡು ಹೊರಟಿದ್ದ ಡಾಕ್ಟರ ಕೋಟಿನ ತುದಿಯನ್ನು ಯಾರೋ ಹಿಡಿದೆಳೆದರು. ತಿರುಗಿ ನೋಡಿದರೆ, ಹತ್ತು ದಿನದಿಂದ ಹಲ್ಲು ತೋರಿಸಲೂ ಒಪ್ಪದಿದ್ದ ಮನುಷ್ಯ ಬಾಯನ್ನು ಕಿವಿಯಿಂದ ಕಿವಿಯವರೆಗೆ ಅಗಲಿಸಿಕೊಂಡು, ಇವತ್ತೇ ಕಿತ್ತುಬಿಡಿ ತಾಯಿ ಎಂದು ಕೈಮುಗಿದು ನಿಂತಿದ್ದ.

ಡಾಕ್ಟರು ಆಗದು ಎಂದು ತಲೆಯಾಡಿಸಿದರು.