ನನ್ನ ದನಿ ಇಳಿಸುವ ಆ್ಯಪ್

ದನಿ ಜೋರಾಗಿರುವವರಿಗೆ ತಮ್ಮ ದನಿ ಜೋರು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಉಳಿದವರೆಲ್ಲ ಮೆತ್ತಗೆ ಮಾತಾಡುತ್ತಾರೆ, ಪಾಪ, ಸರಿಯಾಗಿ ಊಟ ಮಾಡುವುದಿಲ್ಲವೇನೋ ಎಂದುಕೊಂಡಿರುತ್ತಾರೆ. ನಾನು ಎಪ್ಪತ್ತೊಂದು ವರ್ಷ ಹಾಗೇ ಅಂದುಕೊಂಡಿದ್ದೆ. ಯಡಿಯೂರಿನ ನಮ್ಮ ಮನೆಯ ಗೇಟಿನಲ್ಲಿ ನಿಂತು ಸೊಪ್ಪಿನವಳನ್ನು ಕರೆದರೆ ಹಿಂದಿನ ರಸ್ತೆಯಲ್ಲಿ ಹೋಗುತ್ತಿರುವ ಹೂವಿನವಳೂ ನಿಲ್ಲುತ್ತಾಳೆ. ಅದು ನನ್ನ ವರ್ಚಸ್ಸು ಎಂದು ನಂಬಿದ್ದೆ. ವರ್ಚಸ್ಸಲ್ಲ, ಬರೀ ಗಂಟಲು ಎಂದು ತಿಳಿಸಿಕೊಟ್ಟದ್ದು ಸೊಸೆಯ ಹಳೆಯ ಟ್ಯಾಬ್ಲೆಟ್ಟು. ಅದೂ ತಿಳಿಸಬಾರದ ಹೊತ್ತಿನಲ್ಲಿ.

ಇದನ್ನು ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಸೊಸೆ ಶೋಭಾ ಕನ್ನಡ ಟೈಪು ಕಲಿಸಿ ಎರಡು ತಿಂಗಳಾಯಿತು. ಈ ಫೋನಿಗೆ ಒಂದು ಕೆಟ್ಟ ಅಭ್ಯಾಸ. ನಾನು ಒಂದಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ತಾನೇ ತಂದಿಡುತ್ತದೆ. ಈಚೆಗೆ ನಾನು ಬರೆಯುವುದೆಲ್ಲ ಒಬ್ಬಳ ಬಗ್ಗೆಯೇ ಆದ್ದರಿಂದ ‘ಸ’ ಒತ್ತಿದರೆ ಸಾಕು, ‘ಸರಸು’ ಬಂದು ನಿಲ್ಲುತ್ತಾಳೆ. ಹೋದ ವಾರ ಅಂಗಡಿಗೆ ಸಾಮಾನಿನ ಪಟ್ಟಿ ಕಳಿಸಿದೆ. ಐದು ನಿಮಿಷಕ್ಕೆ ಅಂಗಡಿಯವರ ಫೋನು.

“ಆಂಟಿ, ಸರಸು ಎರಡು ಕೆಜಿ ಅಂತ ಹಾಕಿದ್ದೀರ. ಅದು ಯಾವ ಬ್ರಾಂಡು? ನಮ್ಮಲ್ಲಿ ಬರಲ್ಲ.”

“ಇನ್ನೆಲ್ಲೂ ಬರಲ್ಲ ಬಿಡಪ್ಪ. ಸಕ್ಕರೆ ಕಳಿಸು” ಅಂದೆ.

ಸರಸು ನನ್ನ ಗೆಳತಿ. ಮನೆ ಬನಶಂಕರಿ ಎರಡನೇ ಸ್ಟೇಜು. ಮೂವತ್ತೆಂಟು ವರ್ಷ ಪ್ರತಿ ಶುಕ್ರವಾರ ಭಜನೆಯಲ್ಲಿ ಪಕ್ಕಪಕ್ಕ ಕೂತು ಹಾಡಿದವರು ನಾವು. ಅವಳದು ಸಾರಿನೊಳಗಿನ ಇಂಗಿನಂಥ ದನಿ. ಇದ್ದಾಗ ಇದೆ ಎಂದು ಯಾರೂ ಹೇಳುತ್ತಿರಲಿಲ್ಲ, ಅವಳು ಬಾರದ ದಿನ ಮಾತ್ರ ಎಲ್ಲರೂ “ಇವತ್ತು ಏನೋ ಕಮ್ಮಿ ಆಯ್ತಲ್ಲ?” ಎಂದು ಮುಖ ನೋಡಿಕೊಳ್ಳುತ್ತಿದ್ದರು. ಅವಳು ನನಗೆ ಒಂದು ಕಾನೂನು ಮಾಡಿದ್ದಳು. ಇಬ್ಬರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬಾರದು, ಹಾಡು ಕಡಿದುಹೋಗುತ್ತದೆ. ನಾನು ನಿಂತಾಗ ಅವಳು ಎಳೆ ಹಿಡಿದಿರಬೇಕು, ಅವಳು ನಿಂತಾಗ ನಾನು. ಕೇಳುವವರಿಗೆ ನಾವು ಉಸಿರೇ ಆಡದೆ ಹಾಡುತ್ತೇವೆ ಎನ್ನಿಸಬೇಕು. ನನಗೋ, ಎಲ್ಲರೂ ಬೆರಗಾಗುವುದು ನನ್ನ ದಮ್ಮಿಗೆ ಎಂಬ ಹೆಮ್ಮೆ.

ಹೋದ ವರ್ಷ ದೀಪಾವಳಿ ಕಳೆದ ವಾರ ಸರಸು ಹೋದಳು. ಮೂರು ದಿನದ ಜ್ವರ, ಅಷ್ಟೇ. ಈ ವರ್ಷ ತಿಥಿ ಹತ್ತಿರ ಬಂದಾಗ ಅವಳ ಮಗಳು ವಿದ್ಯಾ ಫೋನು ಮಾಡಿದಳು.

“ಅಂಬು ಆಂಟಿ, ತಿಥಿ ಮಾರನೇ ದಿನ ಸಂಜೆ ಭಜನೆ ಇಟ್ಕೊಂಡಿದ್ದೀನಿ. ಅಮ್ಮ ಹಾಡಿದ್ದು ಒಂದಾದ್ರೂ ಹಾಕ್ಬೇಕು ಅಂತ ಆಸೆ. ಮನೆಯಲ್ಲೆಲ್ಲ ಹುಡುಕಿದೆ. ಫೋಟೋ ಇದೆ, ಸೀರೆ ಇದೆ, ದನಿ ಒಂದೂ ಇಲ್ಲ ಆಂಟಿ.”

ಇರುವುದಾದರೂ ಹೇಗೆ? ಯಾರಾದರೂ ಫೋನು ಎತ್ತಿ ಹಿಡಿದರೆ ಸರಸು ಬಾಯಿ ಮುಚ್ಚಿಬಿಡುತ್ತಿದ್ದಳು. “ನನ್ನ ದನಿ ನನಗೇ ಸೇರಲ್ಲ ಕಣೇ, ಅದನ್ನ ಯಾಕೆ ಹಿಡಿದಿಡ್ತೀಯ?” ಅನ್ನುತ್ತಿದ್ದಳು. ಆದರೆ ನಾನು ಕಳ್ಳಿ. ಎರಡು ವರ್ಷದ ಹಿಂದೆ, ಭಜನೆ ಅವಳ ಮನೆಯಲ್ಲೇ ಇದ್ದಾಗ, ಶೋಭಾಳ ಟ್ಯಾಬ್ಲೆಟ್ಟನ್ನು ರೆಕಾರ್ಡಿಂಗಿಗೆ ಒತ್ತಿ, ನನ್ನ ತೊಡೆಯ ಮೇಲಿಟ್ಟು, ಮೇಲೆ ಹಾಡಿನ ನೋಟ್ ಬುಕ್ಕು ಮುಚ್ಚಿದ್ದೆ. ಸರಸುವಿಗೆ ತಿಳಿಯಲೇ ಇಲ್ಲ. ಅವತ್ತು ಹಾಡಿದ ಆರತಿ ಹಾಡು ನನ್ನ ಹತ್ತಿರ ಇತ್ತು. “ಇದೆ ಕಣೇ ವಿದ್ಯಾ, ನನ್ನ ಹತ್ರ ಇದೆ” ಅಂದೆ. ಆ ಹುಡುಗಿ ಫೋನಿನಲ್ಲೇ ಅತ್ತುಬಿಟ್ಟಳು.

ಫೋನು ಇಟ್ಟ ಮೇಲೆ ಟ್ಯಾಬ್ಲೆಟ್ಟು ತೆಗೆದು ಹಾಡು ಹಾಕಿ ಕೇಳಿದೆ. ನನ್ನ ತೊಡೆಯ ಮೇಲಿದ್ದ ಯಂತ್ರಕ್ಕೆ ಏನು ಕೇಳಿಸಬೇಕೋ ಅದೇ ಕೇಳಿಸಿತ್ತು. ನಾನು. ಆದಿಯಿಂದ ಅಂತ್ಯದವರೆಗೆ ನಾನು. ನನ್ನ ಹಿಂದೆ ತಾಳ, ತಾಳದ ಹಿಂದೆ ಒಳಗಿನಿಂದ ಕುಕ್ಕರ್ ಸೀಟಿ. ಇದು ಸಾಲದು ಎಂಬಂತೆ ಹಾಡು ಶುರುವಾಗುವ ಮುಂಚೆ ನನ್ನದೇ ಗದರಿಕೆ: “ಸರಸು, ದನಿ ಎತ್ತೇ ಸ್ವಲ್ಪ, ಕೇಳಿಸ್ತಾನೇ ಇಲ್ಲ!”

ನನ್ನ ಮುಖ ನೋಡಿ ಶೋಭಾ ಬಂದು ಪಕ್ಕದಲ್ಲಿ ಕೂತಳು. “ಅತ್ತೆ, ಈಕ್ವಲೈಜರ್ ಆ್ಯಪ್ ಅಂತ ಬರುತ್ತೆ. ದನಿಯನ್ನ ದಪ್ಪಂದು, ನಡುವಿಂದು, ಸಣ್ಣದು ಅಂತ ಪಾಲು ಮಾಡಿ ಕೊಡುತ್ತೆ. ಯಾವುದು ಬೇಡವೋ ಅದನ್ನ ಇಳಿಸಬಹುದು.”

“ನನ್ನನ್ನ ಇಳಿಸಿ ಸರಸೂನ ಏರಿಸಬಹುದಾ?”

“ಟ್ರೈ ಮಾಡಿ” ಎಂದು ಆಫೀಸಿನ ಮೀಟಿಂಗಿಗೆ ಎದ್ದುಹೋದಳು. ಬಾಗಿಲು ಹಾಕಿಕೊಂಡಳು. ಅದು ಯಾಕೆಂದು ಈಗ ಗೊತ್ತಾಗುತ್ತದೆ.

ಆ್ಯಪ್ ಆರಿಸುವುದು ಅಂದರೆ ಸೀರೆ ಆರಿಸಿದ ಹಾಗಲ್ಲ. ಸೀರೆಯನ್ನು ಮುಟ್ಟಿ ನೋಡಬಹುದು. ಇಲ್ಲಿ ಚಿತ್ರ ನೋಡಿ ನಂಬಬೇಕು. ನಾನು ಮೊದಲು ಆರಿಸಿದ್ದು ವೀಣೆಯ ಚಿತ್ರ ಇದ್ದದ್ದನ್ನು. ತೆರೆದರೆ ಐದು ಕಂಬ, ಕಂಬಕ್ಕೊಂದು ಗುಂಡಿ, ಮೇಲೆ ಕೆಳಗೆ ಜಾರಿಸುವುದಕ್ಕೆ. ನೋಡಿದರೆ ಥೇಟ್ ನಮ್ಮ ಸಾಂಬಾರ ಡಬ್ಬಿ. ಇದಿಷ್ಟು, ಅದಿಷ್ಟು, ಅಂದಾಜಿನ ಕೆಲಸ, ನನಗೆ ಬಾರದ್ದೇ? ಬೆರಳಿಟ್ಟೆ. ಅದರೊಳಗೆ ರಾಕ್, ಜಾಜ್, ಡ್ಯಾನ್ಸ್ ಎಂದು ಮೊದಲೇ ಅರೆದಿಟ್ಟ ಮಸಾಲೆಗಳೂ ಇದ್ದವು. ಡ್ಯಾನ್ಸ್ ಒತ್ತಿದೆ. ಆರತಿ ಹಾಡಿಗೆ ಕಾರಿನೊಳಗಿನ ಡಬಡಬ ಸೇರಿಕೊಂಡಿತು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. ಅವರಿಗೆ ಕಿವಿಯ ಮಿಷನ್ ಇದೆ. ಭಜನೆ ನಮ್ಮ ಮನೆಯಲ್ಲಿದ್ದ ದಿನ ಬ್ಯಾಟರಿ ಉಳಿಯಲಿ ಎಂದು ತೆಗೆದು ಡಬ್ಬಿಯಲ್ಲಿಡುತ್ತಾರೆ.

“ಯಾರ ಮನೆ ಗಣೇಶನ ಮೆರವಣಿಗೆ?” ಅಂದರು.

ನಾಲ್ಕು ದಿನ ಕೂತು ಹದ ಮಾಡಿದೆ. ಸಣ್ಣ ದನಿಯ ಕಂಬ ಇಳಿಸಿದರೆ ಕುಕ್ಕರ್ ಅಡಗಿತು, ಜೊತೆಗೆ ತಾಳವೂ ಹೋಯಿತು. ಹೋಗಲಿ. ಇನ್ನೆರಡು ಕಂಬ ಅತ್ತಿತ್ತ ಮಾಡಿದ ಮೇಲೆ ಸರಸು ಅಲ್ಲೆಲ್ಲೋ ದೂರದಲ್ಲಿ ಇದ್ದಾಳೆ ಎನ್ನಿಸಿತು. ಸಂಭ್ರಮದಿಂದ ವಿದ್ಯಾಗೆ ಕಳಿಸಿದೆ. ಉತ್ತರ ಬಂತು: “ಆಂಟಿ, ಇದರಲ್ಲಿ ನೀವೊಬ್ಬರೇ ಇದ್ದೀರಲ್ಲ? ಆಮೇಲೆ ಕುಕ್ಕರ್ ಇದೆ.” ಶೋಭಾಳನ್ನು ಕೇಳಿದರೆ ಗುಟ್ಟು ಹೊರಬಿತ್ತು. ಆ ಆ್ಯಪ್ ಕೇಳುವಾಗ ಮಾತ್ರ ರುಚಿ ಬದಲಾಯಿಸುತ್ತದಂತೆ, ಹಾಡನ್ನಲ್ಲ. ಅಂದರೆ ನಾಲ್ಕು ದಿನ ನಾನು ಪಾತ್ರೆಯ ಸಾರನ್ನು ಮುಟ್ಟದೆ ನನ್ನ ತಟ್ಟೆಗೆ ಮಾತ್ರ ಉಪ್ಪು ಹಾಕಿಕೊಂಡು, ಸಾರು ಸರಿಹೋಯಿತು ಎಂದು ಊರಿಗೆಲ್ಲ ಹೇಳಿದ್ದೆ.

ಎರಡನೆಯ ಆ್ಯಪ್ ಹಾಡನ್ನೇ ತಿದ್ದುತ್ತಿತ್ತು, ಆದರೆ ಪ್ರತಿ ಸಲವೂ ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು ಪೂರ್ತಿ ನೋಡಬೇಕಿತ್ತು. ಅದನ್ನು ತೆಗೆದುಹಾಕಿದೆ. ಮೂರನೆಯದು ಸಂಗೀತ ಮಾಡುವವರೇ ಇಟ್ಟುಕೊಳ್ಳುವಂಥದ್ದು. ಹತ್ತು ಕಂಬ, ಕೆಳಗೆ ದನಿಯ ಗೆರೆ ಬೆಟ್ಟಗುಡ್ಡದಂತೆ ಕಾಣುತ್ತದೆ, ತಿದ್ದಿದ್ದು ತಿದ್ದಿದ ಹಾಗೇ ಉಳಿಯುತ್ತದೆ. ಬೆಟ್ಟಗಳೆಲ್ಲ ನಾನು. ಒಂದೊಂದೇ ಕಂಬ ಹಿಡಿದು ನನ್ನನ್ನು ಇಳಿಸುತ್ತ ಬಂದೆ. ನಾನು ಇಳಿದಷ್ಟೂ ಸರಸು ಇಳಿದಳು. ನಾನು ಅರ್ಧವಾದಾಗ ಅವಳು ಚೂರಾದಳು. ನಾನು ಚೂರಾದಾಗ ಅವಳು ಇರಲೇ ಇಲ್ಲ. ಮೂವತ್ತೆಂಟು ವರ್ಷ ಒಂದೇ ಶ್ರುತಿಗೆ ಕೂತು ಹಾಡಿದ ಇಬ್ಬರನ್ನು ಬೇರೆ ಮಾಡುವ ಕಂಬ ಆ ಹತ್ತರಲ್ಲಿ ಯಾವುದೂ ಇರಲಿಲ್ಲ.

ಆಗ ನೆನಪಾಯಿತು. ಒಮ್ಮೆ, ಒಂದೇ ಒಂದು ಸಲ, ಭಜನೆ ಮುಗಿಸಿ ಆಟೋದಲ್ಲಿ ಬರುವಾಗ ಸರಸು ಹೇಳಿದ್ದಳು: “ಅಂಬು, ನೀನು ಸ್ವಲ್ಪ ಇಳಿಸಿದ್ರೆ ನಾನೂ ಇದ್ದೀನಿ ಅಂತ ಗೊತ್ತಾಗುತ್ತೆ ಕಣೇ.” ನಗುತ್ತಲೇ ಹೇಳಿದ್ದು. ನಾನು ಮೂರು ವಾರ ಮಾತು ಬಿಟ್ಟಿದ್ದೆ. ನಾಲ್ಕನೇ ವಾರ ಅವಳೇ ಕೋಡುಬಳೆ ಡಬ್ಬಿ ಹಿಡಿದು ಬಂದಳು. ಕೋಡುಬಳೆ ಎಲ್ಲ ತಿಂದೆ. ದನಿ ಮಾತ್ರ ಇಳಿಸಲಿಲ್ಲ.

ತಿಥಿಗೆ ಎರಡು ದಿನ ಉಳಿದಿತ್ತು. ಟ್ಯಾಬ್ಲೆಟ್ಟು ಮುಂದಿಟ್ಟುಕೊಂಡು ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದೆ. ಯಜಮಾನರು ಎದ್ದುಹೋಗಿ ಡಬ್ಬಿಯಿಂದ ಕಿವಿಯ ಮಿಷನ್ ತಂದು ಹಾಕಿಕೊಂಡರು. ನನ್ನ ಹಾಡಿಗೆ ಅವರು ತಾವಾಗಿ ಅದನ್ನು ಹಾಕಿಕೊಂಡದ್ದು ಅದೇ ಮೊದಲು.

“ಆ ಕಂಬಗಳನ್ನೆಲ್ಲ ಎಲ್ಲಿತ್ತೋ ಅಲ್ಲಿಗೆ ತಂದಿಡು. ಏನೂ ಮಾಡ್ಬೇಡ. ಈಗ ಹಾಕು” ಅಂದರು.

ಹಾಕಿದೆ. ಕಣ್ಣು ಮುಚ್ಚಿ ಕೂತಿದ್ದವರು ಸ್ವಲ್ಪ ಹೊತ್ತಿಗೆ ಬೆರಳೆತ್ತಿದರು. “ಇಲ್ಲಿ. ಸರಸಮ್ಮ.”

“ಎಲ್ರೀ? ನಾನೇ ಇರೋದು.”

“ನೀನು ಉಸಿರು ತಗೊಂಡೆಯಲ್ಲ, ಅಲ್ಲಿ.”

ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ನಿಜ. ನನ್ನ ದನಿ ಕಡಿದಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ಎಳೆ ಹಿಡಿದುಕೊಂಡು ಸರಸು. ಸಣ್ಣಗೆ, ನೇರವಾಗಿ, ಒಂದು ಚೂರೂ ಅಲುಗದೆ. ಅಷ್ಟರಲ್ಲಿ ನಾನು ಮತ್ತೆ ಬಂದು ಮೇಲೆ ಕೂತುಬಿಡುತ್ತಿದ್ದೆ. ಇಡೀ ಹಾಡಿನಲ್ಲಿ ಅಂಥವು ಹದಿನಾಲ್ಕು. ಮೂರನ್ನು ಕುಕ್ಕರ್ ತಿಂದಿತ್ತು. ಅದೂ ಸರಸುವಿನದೇ ಕುಕ್ಕರು, ನಮಗೆಲ್ಲ ಊಟಕ್ಕೆ ಇಟ್ಟದ್ದು. ಉಳಿದದ್ದು ಹನ್ನೊಂದು.

ಆ ಹನ್ನೊಂದನ್ನು ಕತ್ತರಿಸಿ ಒಟ್ಟಿಗೆ ಅಂಟಿಸಿ ನೋಡಿದೆ. ಯಾರೋ ಬಿಕ್ಕಳಿಸಿದ ಹಾಗಾಯಿತು. ಸರಸು ಯಾವತ್ತೂ ಬಿಕ್ಕಿದವಳಲ್ಲ. ಅದನ್ನು ಅಳಿಸಿ, ಇದ್ದ ಹಾಡನ್ನು ಇದ್ದ ಹಾಗೇ ಬನಶಂಕರಿಗೆ ತೆಗೆದುಕೊಂಡು ಹೋದೆ. ವಿದ್ಯಾಗೆ ಏನೂ ಹೇಳಲಿಲ್ಲ, ಹೇಳುವ ಮುಖ ಇರಲಿಲ್ಲ. ಸರಸುವಿನ ಫೋಟೋ ಮುಂದೆ ಟ್ಯಾಬ್ಲೆಟ್ಟು ಇಟ್ಟು ಒತ್ತಿದಾಗ, “ಸರಸು, ದನಿ ಎತ್ತೇ” ಎಂಬ ನನ್ನ ಗದರಿಕೆ ಇಡೀ ಹಾಲಿಗೆ ಕೇಳಿಸಿತು. ಭಜನೆಯವರು ನಕ್ಕರು. ವಿದ್ಯಾ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು. ಹಾಡು ಶುರುವಾಯಿತು. ನಾನು ಮೊದಲ ಸಲ ಉಸಿರಿಗೆ ನಿಂತಲ್ಲಿ ಅವಳ ಕೈ ನನ್ನ ಕೈಯನ್ನು ಒತ್ತಿತು. ಎರಡನೇ ಸಲವೂ ಒತ್ತಿತು. ಮುಗಿಯುವ ಹೊತ್ತಿಗೆ ಎಣಿಸಿದ್ದೆ, ಹನ್ನೊಂದು. ಅವಳಿಗೆ ಯಾರ ಮಿಷನ್ನೂ ಬೇಕಾಗಲಿಲ್ಲ.

ಟ್ಯಾಬ್ಲೆಟ್ಟಿನಲ್ಲಿ ಜಾಗವಿಲ್ಲ ಎಂದು ಶೋಭಾ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದಳು. ಶುಕ್ರವಾರದ ಭಜನೆಗೆ ನಾನು ಈಗಲೂ ಹೋಗುತ್ತೇನೆ. ಆ ಆರತಿ ಹಾಡು ಬಂದಾಗ ಅದೇ ಹದಿನಾಲ್ಕು ಕಡೆ ನಿಲ್ಲುತ್ತೇನೆ. ಹಾಡು ಕಡಿದುಹೋಗುತ್ತದೆ. “ಅಂಬುಜಮ್ಮ, ದಮ್ಮು ಸಾಲ್ತಿಲ್ಲ ನಿಮಗೆ, ಸ್ವಲ್ಪ ಮೆತ್ತಗೆ ಹಾಡಿ, ಸುಸ್ತಾಗಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಇಷ್ಟೆಲ್ಲ ಆದ ಮೇಲೆ ನಾನು ದನಿ ಇಳಿಸಿಕೊಂಡೆ ಎಂದು ನೀವು ಅಂದುಕೊಂಡಿದ್ದರೆ, ಅದು ನಿಮ್ಮ ಒಳ್ಳೆಯತನ. ಮೊದಲಿಗಿಂತ ಜೋರಾಗಿಯೇ ಹಾಡುತ್ತೇನೆ. ಜೋರಾಗಿ ಹಾಡಿದರೆ ತಾನೆ ಬೇಗ ಉಸಿರು ಮುಗಿಯುವುದು.